ಬಾಗಿಲಿಗಿಂತ ನಾಲ್ಕು ಇಂಚು ದೊಡ್ಡದು

ನಾಲ್ಕು ಜನ ಹಮಾಲರು ಯಂತ್ರವನ್ನು ಅಡ್ಡ ಹಿಡಿದರು, ಉದ್ದ ಹಿಡಿದರು, ಕೊನೆಗೆ ಎತ್ತಿ ನಿಲ್ಲಿಸಿಯೂ ನೋಡಿದರು. ಅದು ಕೋಣೆಯ ಬಾಗಿಲು ದಾಟಲೇ ಇಲ್ಲ. ಕಂಪ್ಯೂಟರ್ ಹೇಳಿದಂತೆ ಮರ, ಅಲ್ಯೂಮಿನಿಯಂ ಕೊರೆಯುವ ಆ ಸಿಎನ್‌ಸಿ ಯಂತ್ರವನ್ನು ನನ್ನ ಯಜಮಾನರು ಪುಣೆಯ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಮೂರು ವರ್ಷ ಕೂತು ತಾವೇ ಕಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಬಾಗಿಲು ತೆರೆಯಲು ನನಗೆ ಧೈರ್ಯವಾಗುತ್ತಿರಲಿಲ್ಲ. ಯಂತ್ರ ಕಣ್ಮುಂದಿನಿಂದ ಹೋದರೆ ಸಾಕೆಂದು, ಭೋಸರಿಯಲ್ಲಿ ವರ್ಕ್‌ಶಾಪ್ ಇರುವ ಅವರ ಗೆಳೆಯ ಪಾಟೀಲರಿಗೆ ಒಯ್ಯಲು ಹೇಳಿದ್ದೆ.

"ವೈನಿ, ಈ ಮನಷ್ಯಾ ಒಳಗ ಕೂತು ವೆಲ್ಡಿಂಗ್ ಮಾಡ್ಯಾನ, ಹೊರಗ ಹ್ಯಾಂಗ ಒಯ್ಯೂದು ಅಂತ ವಿಚಾರನ ಮಾಡಿಲ್ಲ ನೋಡ್ರಿ!" ಎಂದು ಪಾಟೀಲರು ಬೆವರು ಒರೆಸಿಕೊಂಡರು.

ವಿಚಾರ ಮಾಡಿದ್ದರು. ಯಂತ್ರ ಜರುಗಿದ ಜಾಗದಲ್ಲಿ, ಗೋಡೆಯ ಮೇಲೆ ಅವರದೇ ಅಕ್ಷರದಲ್ಲಿ ಪೆನ್ಸಿಲ್ ಬರಹವಿತ್ತು. ಪಾಟೀಲರು ಗಟ್ಟಿಯಾಗಿ ಓದಲು ಶುರುಮಾಡಿ, ಕೊನೆಗೆ ದನಿ ಇಳಿಸಿದರು: "ಬಾಗಿಲು ಮೂವತ್ತು ಇಂಚು. ಯಂತ್ರ ಮೂವತ್ನಾಲ್ಕು. ಸದ್ಯಕ್ಕ ಆಕಿಗೆ ಹೇಳಬಾರದು."

ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಅಳುತ್ತಿದ್ದೇನೆಂದು ತಿಳಿದು ಹಮಾಲರೊಬ್ಬರು ನೀರು ತಂದುಕೊಟ್ಟರು.

"ಕಟರ್ ತರಿಸಿ ಎರಡು ತುಂಡು ಮಾಡೂಣೇನ್ರಿ?" ಎಂದರು ಪಾಟೀಲರು.

"ಬ್ಯಾಡ್ರಿ. ಇದ್ದಲ್ಲೇ ಇಟ್ಟುಬಿಡ್ರಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ನನ್ನಿಂದ ಮುಚ್ಚಿಟ್ಟದ್ದು, ನನಗೆ ತಿಳಿದ ಮಟ್ಟಿಗೆ, ಆ ನಾಲ್ಕು ಇಂಚು ಮಾತ್ರ. ಈಗ ಆ ಕೋಣೆಯ ಬಾಗಿಲನ್ನು ನಾನು ಮುಚ್ಚುವುದಿಲ್ಲ.