ಕೊರಿಯಾದ ಸೋದರಮಾವನ ಮಗ

ನನ್ನ ಅತ್ತೆ ಮೈಸೂರಿನಿಂದ ಟೆಕ್ಸಾಸಿನ ಮರ್ಫಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ಎರಡು ಸೂಟ್‌ಕೇಸಿನಲ್ಲಿ ಒಂದರ ತುಂಬ ಪಾತ್ರೆಗಳೇ ಇದ್ದವು. ಕುಕ್ಕರು, ಒಗ್ಗರಣೆ ಸೌಟು, ತಟ್ಟೆ, ಲೋಟ. ಧಾರವಾಡದ ಕ್ರಿಶ್ಚಿಯನ್ ಸೊಸೆಯ ಮನೆಯಲ್ಲಿ ಉಪವಾಸ ಬೀಳಬಾರದೆಂಬ ಮುನ್ನೆಚ್ಚರಿಕೆ. ಮರುದಿನವೇ ಮಗನ ಕೈಯಲ್ಲಿ ಒಂದು ಇಂಡಕ್ಷನ್ ಒಲೆ ತರಿಸಿ, ಅಡುಗೆಮನೆಯ ಕಿಟಕಿ ಪಕ್ಕ ಇಡಿಸಿಕೊಂಡು, ತಮ್ಮದೇ ಒಂದು ದೇಶ ಸ್ಥಾಪಿಸಿದರು. ಆ ದೇಶಕ್ಕೆ ನಾನು ಮಾಡಿದ ಸಾರಿಗೆ ವೀಸಾ ಇರಲಿಲ್ಲ.

ನನಗೂ ಇರಲಿಲ್ಲ. ನನ್ನೊಂದಿಗೆ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ಏಳು ವರ್ಷದ ನನ್ನ ಮಗಳ ಮೂಲಕ. "ನಿಮ್ಮಮ್ಮಂಗೆ ಹೇಳು, ಹಾಲು ಮುಗಿದಿದೆ" ಎಂದು ಅವರು ಹೇಳುವುದು, ಎರಡಡಿ ದೂರದಲ್ಲಿ ನಿಂತ ನನಗೆ ಮಗಳು "Amma, milk is over" ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸುವುದು. ನನ್ನ ಗಂಡ ಜಾಣ. ಆಫೀಸಿನಿಂದ ಬಂದಮೇಲೂ ಇಂಥ ಹೊತ್ತಿನಲ್ಲೆಲ್ಲ ಅವನಿಗೆ ಮಹಡಿಯ ಮೇಲೆ ಮೀಟಿಂಗ್ ಇರುತ್ತಿತ್ತು. ನಾನು ನಗುತ್ತಿದ್ದೆ, ಆದರೆ ಒಳಗೊಳಗೆ ತುಂಬ ನೋವಾಗುತ್ತಿತ್ತು. ಆಸ್ಟಿನ್‌ನಲ್ಲಿ ಓದುತ್ತಿದ್ದಾಗ ನಾವಿಬ್ಬರೂ ಮದುವೆಯಾದೆವು. ಅಂದಿನಿಂದ ಒಂಬತ್ತು ವರ್ಷ ಕಾದು ಕರೆಸಿಕೊಂಡ ಅತ್ತೆ ಹೀಗೇ ಆರು ತಿಂಗಳು ಕಳೆದು ಹೊರಟುಬಿಟ್ಟರೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ನಮ್ಮನ್ನು ಕಾಪಾಡಿದ್ದು ಕೊರಿಯಾದ ಹಾದರ.

ಮರ್ಫಿಯ ಕೆರೆಯ ಸುತ್ತ ಸಂಜೆ ವಾಕಿಂಗ್ ಮಾಡುವ ಅಮ್ಮಂದಿರ ಒಂದು ಸಂಘವಿದೆ. ಸೀರೆ, ಸ್ನೀಕರ್ಸು, ಮೇಲೆ ಮಗನ ಹಳೆಯ ಹೂಡಿ ಸ್ವೆಟರು. ಅಲ್ಲಿ ಎಲ್ಲರೂ ಕೊರಿಯನ್ ಸಿನಿಮಾ ಭಕ್ತರು. ಒಬ್ಬ ಗುಜರಾತಿ ಆಂಟಿ ಯಾವುದೋ ಸಿನಿಮಾವನ್ನು ಹಾಡಿ ಹೊಗಳಿದ್ದರಂತೆ. ಅದಕ್ಕೆ ಹಿಂದಿ ಡಬ್ಬಿಂಗ್ ಇಲ್ಲ, ಕೆಳಗೆ ಇಂಗ್ಲಿಷ್ ಅಕ್ಷರ ಮಾತ್ರ. ಅತ್ತೆ ಒಂದು ಪದ ಕೂಡಿಸಿ ಓದುವಷ್ಟರಲ್ಲಿ ಪರದೆಯ ಮೇಲೆ ಋತುವೇ ಬದಲಾಗುತ್ತಿತ್ತು. ಮೊಮ್ಮಗಳು ಸ್ಕೂಲಿನಲ್ಲಿ, ಮಗ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ. ಮನೆಯಿಂದ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ. ಒಂದು ದಿನ ಹನ್ನೆರಡೂವರೆಗೆ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದು, ಗೋಡೆಯ ಕಡೆ ನೋಡುತ್ತ, "ಅದರಲ್ಲಿ ಏನು ಬರೆದಿದೆ ಅಂತ ಸ್ವಲ್ಪ ಹೇಳ್ತೀಯಾ?" ಎಂದರು. ಈ ಮನೆಗೆ ಬಂದ ಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಂದಿನಿಂದ ದಿನಾ ಅರ್ಧ ಗಂಟೆ ಸಿನಿಮಾ. ಒಂದಕ್ಕೆ ಅವರ ಊಟ, ಅವರದಾದ ಮೇಲೆ ನನ್ನದು.

ಕೊರಿಯಾದವರ ಹಾದರವೂ ಬಹಳ ಶಿಸ್ತಿನದು. ಗಾಜಿನ ಗೋಡೆಯ ದೊಡ್ಡ ಮನೆ. ಹೆಂಡತಿ ಕಿಟಕಿಯಾಚೆ ನೋಡುತ್ತಾಳೆ, ಗಂಡ ಬೆನ್ನು ಹಾಕಿ ನೂಡಲ್ಸ್ ತಿನ್ನುತ್ತಾನೆ. ಹತ್ತು ನಿಮಿಷ ಯಾರೂ ತುಟಿ ಪಿಟಕ್ ಎನ್ನುವುದಿಲ್ಲ. ನಾಲ್ಕು ಜನ ಒಟ್ಟಿಗೆ ಊಟಕ್ಕೆ ಕೂತರೆ ಸಂಸಾರ ಮುರಿಯಿತೆಂದೇ ಲೆಕ್ಕ. ಮೊದಲ ದಿನ ಪಿಯಾನೋ ಮೇಷ್ಟ್ರು ಬಂದು ಆ ಹೆಂಡತಿಯನ್ನು ನೋಡಿದ ರೀತಿಗೇ ನನಗೆ ಎಲ್ಲ ಅರ್ಥವಾಯಿತು. ಕಥೆ ಇಂಥದ್ದೆಂದು ಗೊತ್ತಾದರೆ ಅತ್ತೆ ಎದ್ದು ಹೋಗುತ್ತಾರೆ, ಹುಟ್ಟಿದ ಮಾತೂ ಸಾಯುತ್ತದೆ.

"ಇವನ್ಯಾರು?"

"ಆಕಿ ಅಣ್ಣ ರೀ, ಅತ್ತಿ" ಎಂದೆ.

ಎರಡನೆಯ ದಿನ ಅಣ್ಣ ತಂಗಿಯ ಕೈಯನ್ನು ಹಿಡಿದು ಬಿಡಲೇ ಇಲ್ಲ. "ಕೈ ನೋಡಿ ಭವಿಷ್ಯ ಹೇಳ್ಲಿಕ್ಕತ್ತಾನ್ರಿ" ಎಂದೆ. ಮೂರನೆಯ ದಿನ ಇಬ್ಬರೂ ಹೋಟೆಲ್ ರೂಮಿನ ಬಾಗಿಲು ಹಾಕಿಕೊಂಡರು. ರಿಮೋಟ್ ನನ್ನ ಕೈಯಿಂದ ಜಾರಿ ಸೋಫಾ ಕೆಳಗೆ ಹೋಯಿತು, ದೃಶ್ಯ ಮುಂದುವರಿಯಿತು. ಒಂದು ಹಾದರ ಮುಚ್ಚಲು ಹೋಗಿ ನಾನು ಅದಕ್ಕಿಂತ ದೊಡ್ಡ ಅನಾಹುತ ಮಾಡಿದ್ದೆ. ಗಾಬರಿಯಲ್ಲಿ, "ಸ್ವಂತ ಅಣ್ಣ ಅಲ್ರಿ, ಸೋದರಮಾವನ ಮಗ" ಎಂದುಬಿಟ್ಟೆ.

ಅತ್ತೆ ಧಡಕ್ಕನೆ ನೆಟ್ಟಗೆ ಕೂತರು.

"ಸೋದರಮಾವನ ಮಗ ಅಣ್ಣ ಹೇಗಾಗ್ತಾನೆ? ಬಾವ ಅಲ್ವಾ! ವರಸೆ ಆಗತ್ತೆ! ಅಂಥ ಹುಡುಗನ್ನ ಮನೇಲೇ ಇಟ್ಕೊಂಡು ಆ ನೂಡಲ್ಸ್ ತಿನ್ನೋನಿಗೆ ಯಾಕೆ ಕೊಟ್ರು?"

ಕೊರಿಯಾದಲ್ಲಿ ವರಸೆ ನೋಡುವುದಿಲ್ಲವೆಂದೆ. ಅವರ ಸಿಟ್ಟು ನೆತ್ತಿಗೇರಿತು. "ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದು ಕಣ್ಣಿಗೆ ಕಾಣಲ್ವೇ? ಹಿರಿಯರು ಮಾಡಿದ ತಪ್ಪಿಗೆ ಚಿಕ್ಕವರು ಅಳ್ಬೇಕಾ?" ಎಂದು ಇಡೀ ಕೊರಿಯಾಕ್ಕೆ ಬೈದರು. ನಮ್ಮ ಮದುವೆಯ ಸಮಯದಲ್ಲಿ ಈ ಜ್ಞಾನವೆಲ್ಲ ಎಲ್ಲಿಗೆ ಹೋಗಿತ್ತೋ ಎಂದು ಹೊಟ್ಟೆ ಉರಿಯಿತು.

ನಾಲ್ಕನೆಯ ದಿನ ಕೊನೆಯ ಭಾಗ. ಪರದೆಯ ಮೇಲೆ ಆ ಹೆಂಡತಿಯ ಅತ್ತೆ ಬಂದಳು. ಎಲ್ಲವೂ ಅವಳಿಗೆ ತಿಳಿದುಹೋಗಿದೆ. ಊಟದ ಮೇಜಿನ ಮುಂದೆ ಸೊಸೆಯನ್ನು ನಿಲ್ಲಿಸಿ, ಒಂದೇ ಒಂದು ಸಾಲು ಹೇಳಿದಳು. ಕೆಳಗಿನ ಅಕ್ಷರ ಓದಿ ನಾನು ಮುಖ ಬೇರೆ ಕಡೆ ತಿರುಗಿಸಿದೆ.

"ಏನಂದ್ಲು?"

"ಉಂಡು ಹೋಗು ಅಂತಾಳ್ರಿ."

ಅತ್ತೆ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಸಿನಿಮಾ ನಿಲ್ಲಿಸಿದರು.

"ಅಷ್ಟು ಸಿಟ್ಟಿನ ಮುಖ ಇಟ್ಕೊಂಡು ಯಾರಾದ್ರೂ ಊಟಕ್ಕೆ ಕರೀತಾರೇನೇ? ಆ ಮೇಷ್ಟ್ರು ಯಾರು, ಹೋಟೆಲ್‌ನಲ್ಲಿ ಏನಾಯ್ತು, ಎಲ್ಲಾ ನನಗೆ ಗೊತ್ತು. ಗುಜರಾತಿಯಮ್ಮ ಮೊದಲೇ ಕಥೆ ಪೂರ್ತಿ ಹೇಳಿದ್ರು. ಚೆನ್ನಾಗಿದೆ ಅಂದಿದ್ದಕ್ಕೇ ತಾನೇ ನಾನು ನೋಡೋಕೆ ಕೂತಿದ್ದು?"

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಗತಿ ನನ್ನದಾಯಿತು. ಹಾಗಾದರೆ ವರಸೆ, ಬಾವ ಎಂದು ಕೂಗಾಡಿದ್ದು ಯಾಕೆ ಎಂದು ಕೇಳಿದೆ.

"ನೀನು ಎಲ್ಲೀತನಕ ಹೋಗ್ತೀಯ ನೋಡೋಣ ಅಂತ" ಎಂದರು. ಆಮೇಲೆ ದನಿ ತಗ್ಗಿತು. "ಸಿನಿಮಾದ ಈ ಅತ್ತೆ ಆಡಿದ ಮಾತು ಮಾತ್ರ ಗುಜರಾತಿಯಮ್ಮನಿಗೆ ನೆನಪಿರಲಿಲ್ಲ. ಇದೊಂದನ್ನ ಸರಿಯಾಗಿ ಹೇಳು."

ನಾನು ಟಿವಿಯನ್ನೇ ನೋಡುತ್ತ ಹೇಳಿದೆ: "ನೀನು ಈ ಮನೆಯ ಸೊಸೆ ಅಂತ ನಾನು ಯಾವತ್ತೂ ಒಪ್ಪಿಲ್ಲ, ಸಾಯೋತನಕ ಒಪ್ಪೋದೂ ಇಲ್ಲ."

ಪರದೆಯ ಮೇಲೆ ಆ ಹೆಂಗಸಿನ ಬಾಯಿ ಅರ್ಧ ತೆರೆದೇ ನಿಂತಿತ್ತು. ಅತ್ತೆ ರಿಮೋಟಿನಿಂದ ಅದರ ಕಡೆ ತೋರಿಸಿದರು.

"ನಿಮ್ಮ ಮದುವೆ ಆದಾಗ ಫೋನಲ್ಲಿ ನಾನೂ ಹೀಗೇ ಅಂದಿದ್ದೆ, ಅಲ್ವಾ?"

"ನಿಮ್ದು ಸ್ವಲ್ಪ ಉದ್ದ ಇತ್ರಿ" ಎಂದೆ. ತಮಾಷೆಗೆ ಹೇಳಲು ಹೋದದ್ದು, ಅಳು ಬಂದುಬಿಟ್ಟಿತು.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ಸದ್ದಾಯಿತು, ಫ್ರಿಜ್ ಬಾಗಿಲು ತೆರೆದ ಸದ್ದಾಯಿತು. ಮುಗಿಯಿತು, ಇನ್ನು ಉಳಿದ ತಿಂಗಳೆಲ್ಲ ಹಾಲಿನ ವರದಿಯೇ ಗತಿ ಎಂದುಕೊಂಡೆ.

"ಏನೇ, ಎಷ್ಟು ಹೊತ್ತು ಅಳ್ತೀಯಾ? ಬಾ ಇಲ್ಲಿ!"

ಹೋಗಿ ನೋಡಿದರೆ ಅವರ ಇಂಡಕ್ಷನ್ ಒಲೆಯ ಮೇಲೆ ಹಿಂದಿನ ದಿನದ ನನ್ನ ಸಾರು, ನನ್ನದೇ ಪಾತ್ರೆಯಲ್ಲಿ, ಕುದಿಯುತ್ತಿತ್ತು. ಪಕ್ಕದಲ್ಲಿ ಮೈಸೂರಿನಿಂದ ಬಂದ ಅವರ ತಟ್ಟೆ ಒಂದು, ನನ್ನ ತಟ್ಟೆ ಒಂದು.

"ಬಡಿಸು. ಇಬ್ಬರಿಗೂ" ಎಂದರು. ಮುಖದಲ್ಲಿ ಕೊರಿಯಾದ ಅತ್ತೆಗಿಂತಲೂ ಹೆಚ್ಚು ಸಿಟ್ಟಿತ್ತು.