ಎಡ ಭುಜ ಇಳಿದ ಕೋಟು

ನನ್ನ ಚಿಕ್ಕಮ್ಮ ಹೊಸ ಬಟ್ಟೆ ಕೊಂಡಿದ್ದನ್ನು ನಾನು ಕಂಡಿಲ್ಲ. ಜಿಪುಣತನ ಅಂತಲ್ಲ, ಹೊಸದರ ಮೇಲೆ ಅವಳಿಗೆ ನಂಬಿಕೆಯೇ ಇರಲಿಲ್ಲ. "ಹೊಸ ಬಟ್ಟೆ ಸುಳ್ಳು ಹೇಳುತ್ತೆ ಕಣೇ. ನೂರು ಸಲ ಒಗೆದ ಮೇಲೂ ನೆಟ್ಟಗಿದ್ರೆ ಅದು ಬಟ್ಟೆ" ಎನ್ನುತ್ತಿದ್ದಳು. ಮೂವತ್ತು ವರ್ಷದಿಂದ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಕೂತು ಊರವರ ಬಟ್ಟೆ ಬಿಗಿ ಮಾಡಿಕೊಡುವುದು, ಸಡಿಲ ಮಾಡಿಕೊಡುವುದು, ಜಿಪ್ ಬದಲಿಸುವುದು ಅವಳ ಕಸುಬು. ಊಟಕ್ಕೆ ಕೂತಾಗಲೂ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದರಿಂದ ಮನೆಯ ಮಕ್ಕಳಿಗೆಲ್ಲ ಅವಳು ಟೇಪು ಚಿಕ್ಕಮ್ಮ.

ತಿಂಗಳಿಗೊಮ್ಮೆ ನನ್ನನ್ನು ಜೊತೆಗೆ ಕರೆದುಕೊಂಡು ಹಳೇ ಸಾಮಾನಿನ ಅಂಗಡಿಗೆ ಹೋಗುತ್ತಿದ್ದಳು. ಕೈಯಲ್ಲೊಂದು ಚೀಟಿ: ಉಣ್ಣೆ ಕೋಟು ಒಂದು, ಅಗಲ ಬಾಯಿಯ ಪಾತ್ರೆ ಒಂದು. ಚೀಟಿಯಲ್ಲಿಲ್ಲದ್ದು ಎಷ್ಟೇ ಚೆಂದವಿದ್ದರೂ ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಮೊದಲು ಒಳಗಿನದನ್ನು ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯುದ್ದಕ್ಕೂ ಉಗುರು ಎಳೆಯುತ್ತಿದ್ದಳು. ಕಂಕುಳ ಮೂಸುತ್ತಿದ್ದಳು. "ಒಳಮೈ ನೋಡಿದ್ರೆ ಉಟ್ಟವಳು ಎಂಥವಳು ಅಂತ ಗೊತ್ತಾಗುತ್ತೆ."

ಕೊಂಡದ್ದನ್ನು ಮನೆಗೆ ತಂದ ಮೇಲೆ ತನಗಾಗಿ ಸರಿಪಡಿಸಿಕೊಳ್ಳಲೇಬೇಕಿತ್ತು. ಯಾಕೆಂದರೆ ಅವಳ ಎಡ ಭುಜ ಬಲಕ್ಕಿಂತ ತುಸು ಕೆಳಗಿತ್ತು. ಮಿಷನ್ ಮೇಲೆ ಬಾಗಿ ಬಾಗಿ ಹೀಗಾಗಿದೆ ಎಂದು ನಗುತ್ತಿದ್ದಳು.

ಆ ವರ್ಷ ಚಳಿ ಶುರುವಾಗುವ ಮುಂಚೆ ಒಂದು ಕಂದು ಕೋಟು ಸಿಕ್ಕಿತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಬಿಚ್ಚಿ, ಒಳಮೈ ತಿರುಗಿಸಿ ನೋಡಿದಳು. ಎಡ ಭುಜದೊಳಗಿನ ಪ್ಯಾಡು ಬಲದ್ದಕ್ಕಿಂತ ದಪ್ಪ. ಎಡ ತೋಳನ್ನು ಅರ್ಧ ಇಂಚು ಉದ್ದ ಬಿಟ್ಟು ಕೈಯಲ್ಲೇ ಹೊಲಿದಿದ್ದರು.

"ನೀನೇ ಯಾವಾಗಲೋ ಮಾಡಿ ಮರೆತಿರ್ಬೇಕು" ಎಂದು ತಮಾಷೆ ಮಾಡಿದೆ.

"ನನ್ನ ಕೈ ಹೊಲಿಗೆ ನಂಗೆ ಗೊತ್ತಾಗಲ್ವಾ?" ಎಂದಳು. ನಗಲಿಲ್ಲ.

ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಒಂದು ನೀಲಿ ಅಂಗಿ. ಅದೇ ಕೈಯ ಹೊಲಿಗೆ. ಇದರಲ್ಲಿ ಎಡ ಭುಜಕ್ಕೆ ಎರಡು ಪ್ಯಾಡು, ತೋಳು ಪೂರ್ತಿ ಒಂದು ಇಂಚು ಉದ್ದ. ಚಿಕ್ಕಮ್ಮನಿಗೆ ಅದು ದೊಗಳೆಯಾಗಬೇಕಿತ್ತು, ಆಗಲಿಲ್ಲ. ಸರಿಯಾಗಿ ಕೂತಿತು. ಅವಳು ಸುಮ್ಮನೆ ಕಂದು ಕೋಟನ್ನು ಮತ್ತೆ ಹಾಕಿ ನೋಡಿದಳು. ಒಂದು ತಿಂಗಳ ಹಿಂದೆ ಹೇಳಿ ಮಾಡಿಸಿದಂತಿದ್ದ ಕೋಟು ಈಗ ಎಡಗಡೆ ಜೋತುಬಿದ್ದಿತ್ತು.

"ಬಟ್ಟೆ ಬದಲಾಗಿಲ್ಲ" ಎಂದಳು ಮೆಲ್ಲಗೆ. ನಾನು ಅವಳ ಎಡ ಭುಜದ ಕಡೆ ನೋಡಿದೆ.

ಮೂರನೆಯ ತಿಂಗಳು ಅವಳು ಚೀಟಿ ತರಲಿಲ್ಲ. ನೇರವಾಗಿ ಬಟ್ಟೆಯ ಸಾಲಿಗೆ ಹೋಗಿ ಆ ಹೊಲಿಗೆಗಾಗಿಯೇ ಹುಡುಕಿದಳು. ಒಂದು ಬೂದು ಅಂಗಿ ಸಿಕ್ಕಿತು. ಹೊರಗಿನ ಗುಂಡಿಗಳು ಬರೀ ತೋರಿಕೆಗೆ, ಒಳಗೆ ಒತ್ತಿದರೆ ಕೂರುವ ಟಿಚ್ ಬಟನ್‌ಗಳು. ಎಡ ತೋಳಿನ ತುದಿ ಸೀಳಿ ಎಲಾಸ್ಟಿಕ್ ಹಾಕಿದ್ದರು. ಪಾತ್ರೆಗಳ ಕಪಾಟಿನಲ್ಲಿ ತರಕಾರಿ ಹೆಚ್ಚುವ ಒಂದು ಮಣೆಯಿತ್ತು. ಅದರ ನಡುವೆ ಎರಡು ಮೊಳೆ ಮೇಲ್ಮುಖವಾಗಿ ನಿಂತಿದ್ದವು.

"ಇದ್ಯಾಕೆ ಮೊಳೆ?" ಎಂದೆ.

"ತರಕಾರೀನ ಅದಕ್ಕೆ ಚುಚ್ಚಿ ನಿಲ್ಸೋಕೆ. ಒಂದೇ ಕೈಯಲ್ಲಿ ಹೆಚ್ಚೋರಿಗೆ" ಎಂದಳು. ಅವಳ ಎಡಗೈ ಕೋಟಿನ ಜೇಬಿನಲ್ಲಿತ್ತು. ಅದು ಬೆಳಿಗ್ಗೆಯಿಂದ ಹೊರಗೆ ಬಂದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಇವೆಲ್ಲ ಎಲ್ಲಿಂದ ಬರುತ್ತವೆ ಎಂದು ಅಂಗಡಿಯವನನ್ನು ಕೇಳಿದೆವು. "ಒಬ್ರು ಹೆಂಗಸು ಬುಧವಾರ ಬುಧವಾರ ಬ್ಯಾಗ್ ತಂದು ಇಟ್ಟು ಹೋಗ್ತಾರೆ. ಮಾತು ಕಡಿಮೆ" ಎಂದ.

ಬುಧವಾರ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಕಾದೆವು. ಚಿಕ್ಕಮ್ಮ ಕಂದು ಕೋಟು ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಹಿಂದೆ ಏನೋ ದೊಪ್ಪೆಂದು ಬಿತ್ತು. ಬ್ಯಾಗು ಕೈಬಿಟ್ಟು ಒಬ್ಬ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಕ್ಕಾ" ಎಂದಳು.

ಚಿಕ್ಕಮ್ಮ ತಿರುಗಿದಳು. ಮುಖ ನೋಡಿ ಆ ಹೆಂಗಸಿನ ಉಸಿರು ಸಡಿಲವಾಯಿತು. ಆದರೆ ಕಣ್ಣು ಮಾತ್ರ ಚಿಕ್ಕಮ್ಮನ ಎಡ ಭುಜ ಬಿಟ್ಟು ಕದಲಲಿಲ್ಲ.

"ಕಿರುಬೆರಳು ಮರಗಟ್ಟುತ್ತಾ?" ಎಂದು ಕೇಳಿದಳು. ನಮಸ್ಕಾರವಿಲ್ಲ, ಪರಿಚಯವಿಲ್ಲ.

ಚಿಕ್ಕಮ್ಮ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು. "ಯಾರ ಹತ್ರಾನೂ ಹೇಳಿಲ್ಲ ನಾನು."

"ಸೂಜಿ ಜಾರುತ್ತಾ?"

"ಹದಿನೈದು ದಿನದಿಂದ."

ಅಂಗಡಿಯವನು ಕೊಟ್ಟ ಸ್ಟೂಲುಗಳ ಮೇಲೆ ಇಬ್ಬರೂ ಕೂತ ಮೇಲೆ ಆ ಹೆಂಗಸು ಹೇಳಿದಳು. ಅವಳ ಅಕ್ಕ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದಳಂತೆ. ಭುಜ ಇಳಿಯಿತು, ವಯಸ್ಸು ಎಂದುಕೊಂಡಳು. ಬೆರಳು ಮರಗಟ್ಟಿತು, ಚಳಿ ಎಂದುಕೊಂಡಳು. ಡಾಕ್ಟರಿಗೆ ತೋರಿಸುವುದರ ಬದಲು ಈ ಬಟ್ಟೆಗಳನ್ನೇ ತಿದ್ದಿಕೊಳ್ಳುತ್ತಾ ಹೋದಳು. "ಕತ್ತಿನ ನರದ ಮೇಲೆ ಗಡ್ಡೆ ಇತ್ತು. ಗೊತ್ತಾಗೋ ಹೊತ್ತಿಗೆ ಬೆನ್ನುಮೂಳೆಗೆ ಇಳಿದುಬಿಟ್ಟಿತ್ತು. ಅಕ್ಕ ಹೋಗಿ ಒಂದು ವರ್ಷ ಆಯ್ತು. ಏಳಿ, ಇವತ್ತೇ ಆಸ್ಪತ್ರೆಗೆ ಹೋಗೋಣ."

ಕೆಲಸವಿದೆ, ನಾಳೆ ನೋಡೋಣ ಎಂದು ಚಿಕ್ಕಮ್ಮ ಗೊಣಗಿದಳು. ಆ ಹೆಂಗಸು ಅವಳ ಬಲಗೈ ಹಿಡಿದು ಎಬ್ಬಿಸಿದಳು.

ಅದೇ ಜಾಗದಲ್ಲಿ ಗಡ್ಡೆ ಇತ್ತು, ಇನ್ನೂ ಹುಣಸೆ ಬೀಜದಷ್ಟು. ಎರಡು ವಾರದಲ್ಲಿ ಆಪರೇಷನ್ ಆಯಿತು. "ಸಕಾಲಕ್ಕೆ ಬಂದಿದ್ದೀರಿ. ಯಾರು ಕಳಿಸಿದ್ರು?" ಎಂದು ಡಾಕ್ಟರು ಕೇಳಿದಾಗ ಚಿಕ್ಕಮ್ಮ ಕುರ್ಚಿಯ ಮೇಲಿದ್ದ ಕಂದು ಕೋಟಿನ ಕಡೆ ನೋಡಿದಳು.

ಚೇತರಿಸಿಕೊಳ್ಳುವ ದಿನಗಳಲ್ಲಿ ಆ ಹೆಂಗಸು ಆಗಾಗ ಬಂದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಚಿಕ್ಕಮ್ಮ ಬೆರಳು ಆಡುತ್ತದೋ ನೋಡಲೆಂದು ಕಂದು ಕೋಟಿನ ಭುಜದ ಹೊಲಿಗೆ ಬಿಚ್ಚುತ್ತಿದ್ದಳು. ಕಪ್ಪು ದಾರದ ಕೆಳಗೆ ಇನ್ನೊಂದು ಹೊಲಿಗೆ ಕಂಡಿತು. ಮಾಸಿದ ಹಸಿರು ದಾರ, ಬೇರೆಯೇ ಕೈ. ಆ ಕೈಯೂ ಎಡ ಭುಜವನ್ನೇ ಎತ್ತಿತ್ತು.

"ಇದು ನಿಮ್ಮ ಅಕ್ಕನದಲ್ಲ" ಎಂದಳು.

ಆ ಹೆಂಗಸು ಹಸಿರು ದಾರವನ್ನು ಬೆರಳಿನಿಂದ ಮುಟ್ಟಿ ಹೇಳಿದಳು: "ಅಕ್ಕ ಈ ಕೋಟನ್ನ ಹಳೇ ಸಾಮಾನಿನ ಅಂಗಡೀಲೇ ತಂದಿದ್ಲು. ತಂದ ದಿನವೇ ಸರಿಯಾಗಿ ಕೂತಿತ್ತು ಅಂತ ಖುಷಿಪಟ್ಟಿದ್ಲು."

ಸುಟ್ಟುಬಿಡೋಣ ಎಂದೆ ನಾನು. ಚಿಕ್ಕಮ್ಮ ಒಪ್ಪಲಿಲ್ಲ. ಎಡ ಭುಜವನ್ನು ಮತ್ತೆ ಇದ್ದ ಹಾಗೆಯೇ ಹೊಲಿದಳು. ಒಂದು ತುಂಡು ಬಿಳಿ ಬಟ್ಟೆಯ ಮೇಲೆ, ಇದು ನಿಮಗೆ ಸರಿಯಾಗಿ ಕೂತರೆ ಕೂಡಲೇ ಡಾಕ್ಟರಿಗೆ ಕತ್ತು ತೋರಿಸಿ ಎಂದು ದಾರದಲ್ಲೇ ಬರೆದು, ಒಳಜೇಬಿನ ಮೇಲಿಟ್ಟು ಹೊಲಿದಳು. ಅದಕ್ಕೆ ಅವಳಿಗೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಕೋಟನ್ನು ಅಂಗಡಿಗೆ ಕೊಟ್ಟು ಬಂದೆವು.

ವಾರದ ನಂತರ ನಾವು ಮತ್ತೆ ಅಂಗಡಿಗೆ ಹೋದಾಗ ಕೋಟು ಅಲ್ಲಿರಲಿಲ್ಲ.

"ಯಾರು ತಗೊಂಡ್ರು?" ಎಂದು ಚಿಕ್ಕಮ್ಮ ಕೇಳಿದಳು.

ಅಂಗಡಿಯವನು ತಲೆಯೆತ್ತಿ ಅವಳನ್ನೇ ನೋಡಿದ. "ಏನಮ್ಮಾ ಹೀಗಂತೀರಿ, ಸೋಮವಾರ ನೀವೇ ಬಂದು, ಸರಿಯಾಗಿ ಕೂತಿದೆ ಅಂತ ಹಾಕ್ಕೊಂಡು ಹೋದ್ರಲ್ಲ?"

ಸೋಮವಾರ ಇಡೀ ದಿನ ಚಿಕ್ಕಮ್ಮ ತಪಾಸಣೆಗೆಂದು ಆಸ್ಪತ್ರೆಯಲ್ಲಿದ್ದಳು, ಪಕ್ಕದಲ್ಲಿ ನಾನಿದ್ದೆ. ಹೊರಗೆ ಬಂದ ಮೇಲೆ ರಸ್ತೆಯ ಎರಡೂ ಕಡೆ ಹೋಗುವವರ ಬೆನ್ನುಗಳನ್ನು ಒಂದೊಂದಾಗಿ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು.

"ಆ ತುಂಡನ್ನ ಜೇಬಿಗೆ ಬಿಗಿಯಾಗಿ ಹೊಲಿದಿದ್ದೀನಿ, ಉದುರಲ್ಲ. ಹಾಕ್ಕೊಂಡವರು ಓದ್ಕೊಂಡ್ರೆ ಸಾಕು" ಎಂದಳು.