ಅಂಜಿಕೆ ಬಿಟ್ಟುಹೋದ ಲಗಮಣ್ಣ

ಕಂಬ ಏರುವ ಮೊದಲು ಲಗಮಣ್ಣ ನನಗೆ ಮೂರು ಸಲ ಫೋನ್ ಮಾಡುತ್ತಿದ್ದ. ಕಿತ್ತೂರಿನ ಕಡೆ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್, ಅವನು ಲೈನ್‌ಮನ್. ಅವನು ಕೇಳಬೇಕು, ನಾನು ಕಂಬವಿರುವ ಊರಿನ ಲೈನ್ ಬಂದ್ ಮಾಡಿ ರಿಜಿಸ್ಟರಿನಲ್ಲಿ ಬರೆದು ಹೇಳಬೇಕು, ಆಮೇಲೆ ಅವನು ಏರಬೇಕು. ಒಂದು ಫೋನು ಸಾಕು. ಇವನಿಗೆ ಸಾಲದು. ಕಂಬದ ಬುಡದಿಂದ ಒಮ್ಮೆ, ಬೆಲ್ಟು ಕಟ್ಟಿಕೊಂಡು ಒಮ್ಮೆ, ಕಾಲಿಡುವಾಗ ಮತ್ತೊಮ್ಮೆ. ಹೆಂಡತಿಗೂ ಇಷ್ಟು ಫೋನ್ ಮಾಡುವುದಿಲ್ಲ ನೀವು ಎಂದು ಚುಡಾಯಿಸುತ್ತಿದ್ದೆ. ತಲೆ ತಿನ್ನುತ್ತಾನೆ ಎಂದು ಬೈದುಕೊಂಡದ್ದೂ ಉಂಟು.

ಯುಗಾದಿಯ ಮರುವಾರ ಅವನ ಜೊತೆಗಾರ ನಿಜಗುಣಪ್ಪ ಕಂಬದ ಮೇಲೆಯೇ ಸತ್ತ. ಲೈನ್ ಬಂದ್ ಇತ್ತು. ಯಾರದೋ ಮನೆಯ ಜನರೇಟರಿನ ಕರೆಂಟು ಹಿಂದಕ್ಕೆ ಹರಿದು ಬಂದಿತ್ತು. ಕೆಳಗೆ ಏಣಿ ಹಿಡಿದು ನಿಂತಿದ್ದವನು ಲಗಮಣ್ಣ. ಹದಿಮೂರನೆಯ ದಿನಕ್ಕೆ ಕೆಲಸಕ್ಕೆ ಬಂದ. ಅತ್ತದ್ದನ್ನು ಯಾರೂ ನೋಡಲಿಲ್ಲ. ಅವತ್ತಿನಿಂದ ಒಂದೇ ಫೋನು. ಸರಸರ ಏರುತ್ತಾನೆ, ಸರಸರ ಇಳಿಯುತ್ತಾನೆ. ಈಗ ನೋಡು ಗಟ್ಟಿಯಾದ ಎಂದು ಸಾಹೇಬರು ಹೊಗಳಿದರು. ನನಗೂ ಆರಾಮಾಯಿತು, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ಒಂದು ಮಧ್ಯಾಹ್ನ ದೇಗಾಂವದ ಲೈನ್ ಬಂದ್ ಮಾಡಲು ಕೇಳಿದ. ನಾನು ಪಕ್ಕದ ಊರಿನ ಸ್ವಿಚ್ ಬಂದ್ ಮಾಡಿ, ದೇಗಾಂವ ಎಂದು ಬರೆದು, ಏರ್ರಿ ಎಂದೆ. ಮೊದಲಾಗಿದ್ದರೆ ಎರಡನೆಯ ಫೋನಿಗೆ ಗೊಣಗುತ್ತಲೇ ಇನ್ನೊಮ್ಮೆ ಪ್ಯಾನೆಲ್ ನೋಡುತ್ತಿದ್ದೆ. ಫೋನು ಬರಲಿಲ್ಲ, ನಾನು ನೋಡಲಿಲ್ಲ. ನೀರು ಕುಡಿಯಲು ಎದ್ದಾಗ ದೇಗಾಂವದ ಮೀಟರಿನ ಮುಳ್ಳು ಇನ್ನೂ ಅಲ್ಲಾಡುತ್ತಿತ್ತು. ಆ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇತ್ತು. ಸ್ವಿಚ್ ಬಂದ್ ಮಾಡಿ ಫೋನ್ ಹಚ್ಚಿದೆ.

“ತಂತಿಗೆ ಕೈ ಚಾಚಿದ್ದೆ ನೋಡ್ರಿ, ನಿಮ್ಮ ಫೋನ್ ಬಂತು,” ಎಂದ. ಕರೆಂಟು ಇದೆಯೋ ಇಲ್ಲವೋ ಎಂದು ಮೊದಲು ತಾಗಿಸಿ ನೋಡುವ ಕೋಲನ್ನು ಕೆಳಗೇ ಬಿಟ್ಟು ಏರಿದ್ದನಂತೆ. ನನ್ನ ತಪ್ಪು ಕೇಳಿಸಿಕೊಂಡ, ಈಗ ಬಂದ್ ಆಗಿದೆಯೇ ಎಂದು ವಿಚಾರಿಸಿದ, ಕೆಲಸ ಮುಗಿಸಿಯೇ ಇಳಿದ.

ಸಂಜೆ ರಿಜಿಸ್ಟರಿಗೆ ಸಹಿ ಹಾಕಲು ಬಂದ. ನಾನು ಮತ್ತೆ ಮತ್ತೆ ಪ್ಯಾನೆಲ್ ನೋಡುತ್ತಿದ್ದೆ. ಅವನು ಬಿಸ್ಕಿಟ್ ಅದ್ದಿಕೊಂಡು ಚಹಾ ಕುಡಿದ.

“ಅಂಜಿಕಿ ಬರಲಿಲ್ಲೇನ್ರಿ?” ಎಂದೆ.

“ಇಲ್ರಿ ಅಕ್ಕಾರ. ನಿಜಗುಣಪ್ಪ ಹೋದಾಗಿಂದ ಏನೂ ಬರವಲ್ದು. ಸಾಹೇಬ್ರಿಗೆ ನಾ ಹೇಳಿದ್ರ ನಗತಾರ. ಇಂವನ್ನ ಕಂಬಾ ಹತ್ತಸಬ್ಯಾಡ್ರಿ ಅಂತ ನೀವ ಬರದು ಕೊಡ್ರಿ.”

ಯಾಕೆ ಎಂದು ಸಾಹೇಬರು ಕೇಳಿಯೇ ಕೇಳುತ್ತಾರೆ. ಇವತ್ತಿನದನ್ನು ಹೇಳದೆ ಆಗದು, ಹೇಳಿದರೆ ನನ್ನ ನೌಕರಿಗೆ ಕುತ್ತು. ನಾಳೆ ಬರೆಯುತ್ತೇನೆ ಎನ್ನಬಹುದಿತ್ತು. ನಾಳೆ ಬೆಳಿಗ್ಗೆ ಅವನಿಗೆ ಮತ್ತೊಂದು ಕಂಬವಿತ್ತು.

ಹಾಳೆ ಎಳೆದುಕೊಂಡೆ. ಆಪರೇಟರ್ ಯಶೋಧಾ ಆದ ನಾನು ಇಂದು ತಪ್ಪು ಲೈನ್ ಬಂದ್ ಮಾಡಿದೆ ಎಂದು ಮೊದಲ ಸಾಲು ಬರೆದೆ.